1930ರ ಕಾಗದ ಎಲ್ಲಿಂದ ತರೋಣ?

ಅತಿಕ್ರಮಣದಾರರಂತೆ! ಕುಮಟಾ, ಹೊನ್ನಾವರ, ಭಟ್ಕಳದ ಗುಡ್ಡದ ಬುಡದಲ್ಲಿ ನಾಲ್ಕು ಗುಂಟೆ ಗೆಣಸು, ಬಸಳೆ ಬೆಳೆದುಕೊಂಡವರು ಪಶ್ಚಿಮ ಘಟ್ಟವನ್ನೇ ನುಂಗಿ ನೀರು ಕುಡಿದರೆಂದು ಬೆಂಗಳೂರಿನ ಪರಿಸರಪ್ರಿಯರು ಮರುಗುತ್ತಾರೆ. ಅರಣ್ಯ ಹಕ್ಕಿನ ಅರ್ಜಿ ತಿರಸ್ಕೃತವಾಯಿತಲ್ಲ, ಎಬ್ಬಿಸಿ ಎನ್ನುತ್ತಾರೆ.

ತಿರಸ್ಕೃತವಾದದ್ದು ಹೇಗೆ, ಕೇಳಿದ್ದೀರಾ? 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ, ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೂ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಕಾಡನ್ನು ನಂಬಿ ಬದುಕಿರಬೇಕು. ಲೆಕ್ಕ ಹಾಕಿ: 1930. ಆಗ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಗೇಣಿಗೆ ದುಡಿಯುತ್ತಿದ್ದ ಹಾಲಕ್ಕಿ, ನಾಮಧಾರಿ ಸಮುದಾಯದವರಿಗೆ ಯಾವ ಕಲೆಕ್ಟರ್ ಸಾಹೇಬ ಕಾಗದ ಬರೆದುಕೊಟ್ಟಿದ್ದ?

ಕಾಗದವೇ ಬೇಕೆಂದು ಕಾಯ್ದೆ ಎಲ್ಲೂ ಹೇಳಿಲ್ಲ. ನಿಯಮ 13 ತೆಗೆದು ನೋಡಿ. ಊರ ಹಿರಿಯರ ಹೇಳಿಕೆ ಸಾಕ್ಷ್ಯ, ಹಳೆಯ ಬಾವಿ ಸಾಕ್ಷ್ಯ, ಸತ್ತವರನ್ನು ಹೂಳಿದ ಜಾಗ ಸಾಕ್ಷ್ಯ, ದೇವರ ತಾಣ ಸಾಕ್ಷ್ಯ. ಇಂಥದೇ ದಾಖಲೆ ಬೇಕೆಂದು ಹಟ ಹಿಡಿಯಕೂಡದೆಂದು 2012ರ ತಿದ್ದುಪಡಿ ಬಿಡಿಸಿ ಹೇಳಿದೆ. ಹಗ್ಗ ಉಜ್ಜಿ ಉಜ್ಜಿ ಬೆರಳಾಳ ಸವೆದ ಚಿರೆಕಲ್ಲಿನ ಬಾವಿಕಟ್ಟೆಯ ಎದುರು ನಿಂತು 'ದಾಖಲೆ ಎಲ್ಲಿ?' ಎಂದು ಕೇಳುವುದಕ್ಕೂ ಒಂದು ಎದೆಗಾರಿಕೆ ಬೇಕು.

ಕಾಗದ ಇರುವವರೂ ಇದ್ದಾರೆ ಬಿಡಿ. ಅಡಿಕೆ ತೋಟದವರಿಗೆ ಬ್ರಿಟಿಷರ ಕಾಲದಲ್ಲೇ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು, ಸಿಕ್ಕಿದೆ. ಅದು ಇಂದಿಗೂ ಸವಲತ್ತು. ಅದೇ ತೋಟಕ್ಕೆ ಕೂಲಿಗೆ ಹೋದವನ ಗುಡಿಸಲು ಅತಿಕ್ರಮಣ. ಹೀಗಂದರೆ ಜಾತಿ ಎಳೆದು ತಂದ ಎನ್ನುತ್ತಾರೆ. ತಂದದ್ದು ನಾನಲ್ಲ ಸ್ವಾಮಿ, ನಿಮ್ಮ ಬೆಟ್ಟದ ನಕ್ಷೆ.

ಭಟ್ಕಳದ ಗೊಂಡರು ಪರಿಶಿಷ್ಟ ಪಂಗಡ, ಅವರಿಗೆ ಈ 75 ವರ್ಷದ ಗೊಡವೆಯಿಲ್ಲ; ಇರಲೂಬಾರದು. ಹಾಲಕ್ಕಿಗಳು ಅದೇ ಪಟ್ಟಿಗೆ ಸೇರಿಸಿ ಎಂದು ಕೇಳಿ ಕೇಳಿ ಸೋತರು. ದೆಹಲಿಗೆ ಅವರ ಗುರುತಿಲ್ಲವೆಂದಲ್ಲ. ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಕೊಟ್ಟಿತು. 2021ರಲ್ಲಿ ಅದೇ ಪ್ರಶಸ್ತಿ ಪಡೆಯಲು ಹಾಲಕ್ಕಿ ಅಜ್ಜಿ ತುಳಸಿ ಗೌಡ ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲಿ ಹೋದ ಫೋಟೊವನ್ನು ಇದೇ ಪರಿಸರಪ್ರಿಯರು ಹಂಚಿ ಕಣ್ಣೊರೆಸಿಕೊಂಡರು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಸಸಿ ಬೆಳೆಸಿದ ಅಜ್ಜಿಗೆ ಪದಕ, ಅಜ್ಜಿಯ ಜನರಿಗೆ ನೋಟಿಸು! ಕಾಡಿನ ಮೇಲಿನ ಈ ಅಕ್ಕರೆ, ಸಿಂಗಳೀಕದ ಅಭಯಾರಣ್ಯದೊಳಗೆ 2000 ಮೆಗಾವ್ಯಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಕಡತ ಹೊರಟಾಗ ಸರ್ಕಾರಕ್ಕೆ ಯಾಕೆ ನೆನಪಾಗಲಿಲ್ಲ?

ಅರ್ಜಿ ತಿರಸ್ಕೃತವಾದವರನ್ನು 2019ರ ಫೆಬ್ರುವರಿ 13ರಂದು ಎಬ್ಬಿಸಿ ಎಂದ ಸುಪ್ರೀಂ ಕೋರ್ಟೇ 28ರಂದು ತನ್ನ ಆದೇಶವನ್ನು ತಡೆಹಿಡಿಯಿತು. ತಿರಸ್ಕರಿಸಿದ ಅರ್ಜಿಗಳನ್ನು ಗ್ರಾಮಸಭೆಗೆ ವಾಪಸ್ ಕಳಿಸಿ. ಯಾವ ಹಿರಿಯನ ಹೇಳಿಕೆ ಪಡೆದೆವು, ಯಾವ ಬಾವಿ ನೋಡಿ ಬಂದೆವು, ಅದು ಯಾಕೆ ಸಾಲಲಿಲ್ಲ ಎಂದು ಕುಮಟಾ ಮತ್ತು ಭಟ್ಕಳದ ಉಪವಿಭಾಗಾಧಿಕಾರಿಗಳು (ಎಸಿಗಳು) ಒಂದೊಂದು ಅರ್ಜಿಯ ಮೇಲೂ ಬರೆದು ಸಹಿ ಹಾಕಲಿ.