ಬಿಪಿ ಮಿಷನ್ ಕೊಳ್ಳುವ ಮುನ್ನ ತೋಳಿನ ಅಳತೆ ನೋಡಿ



ಹಸುವಿಗೆ ಜ್ವರ ಬಂದರೆ ರಾತ್ರಿ ಹನ್ನೊಂದಕ್ಕೂ ನನಗೆ ಫೋನ್ ಮಾಡುತ್ತೀರಿ. ಆದರೆ ನಿಮ್ಮದೇ ಬಿಪಿ ನೋಡಿಸಿ ಎಷ್ಟು ತಿಂಗಳಾಯಿತು? ಕಾಯಿಲೆ ಬಿದ್ದ ಹಸು ಮೇವು ಬಿಟ್ಟು ತಿಳಿಸುತ್ತದೆ. ರಕ್ತದೊತ್ತಡ ಹಾಗೆ ತಿಳಿಸುವುದಿಲ್ಲ. ಹೊರಗೆ ಏನೂ ಕಾಣದೆ ಒಳಗೊಳಗೇ ಹೃದಯ, ಮೂತ್ರಪಿಂಡ, ಮಿದುಳಿನ ರಕ್ತನಾಳಗಳನ್ನು ಕೆಡಿಸುತ್ತದೆ. ಮನೆಯಲ್ಲಿ ದುಡಿಯುವವರಿಗೆ ಲಕ್ವ ಹೊಡೆದರೆ ಹಾಲು ಕರೆಯುವ ಕೈಯೇ ನಿಂತುಹೋಗುತ್ತದೆ.

ನಾನು ರಾಸುಗಳ ವೈದ್ಯ. ನಿಮಗೆ ಮಾತ್ರೆ ಹೇಳುವುದು ನಿಮ್ಮ ವೈದ್ಯರ ಕೆಲಸ. ಅಳತೆಯ ವಿಷಯ ಮಾತ್ರ ಹೇಳುತ್ತೇನೆ. ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಹಳ್ಳಿಗಳಲ್ಲೂ ಮನೆಗೆ ಬಿಪಿ ಮಿಷನ್ ತರುವವರಿದ್ದಾರೆ. ಒಳ್ಳೆಯದೇ. ಆದರೆ ಚಿಕ್ಕದು, ಸುಲಭ ಎಂದು ಮಣಿಕಟ್ಟಿಗೆ ಕಟ್ಟುವುದನ್ನು ತರಬೇಡಿ. ಕೈ ಎದೆ ಮಟ್ಟದಿಂದ ಸ್ವಲ್ಪ ಮೇಲೆ ಕೆಳಗಾದರೂ ಅದರ ಅಂಕಿ ಬದಲಾಗುತ್ತದೆ. ತೋಳಿಗೆ ಕಟ್ಟುವ ಡಿಜಿಟಲ್ ಮಿಷನ್ನೇ ಇರಲಿ.

ತೋಳಿಗೆ ಸುತ್ತುವ ಪಟ್ಟಿಯ ಅಳತೆ ಬಹಳ ಮುಖ್ಯ. ಜಂತಿನ ಔಷಧಿಗೆ ಮೊದಲು ರಾಸಿನ ಎದೆಗೆ ಟೇಪು ಹಿಡಿದು ತೂಕ ಅಂದಾಜು ಮಾಡುತ್ತೇವೆ. ಟೇಪು ಸಡಿಲವಾದರೆ ಲೆಕ್ಕ ತಪ್ಪುತ್ತದೆ. ಇಲ್ಲೂ ಹಾಗೆಯೇ. ಭುಜ ಮತ್ತು ಮೊಣಕೈ ನಡುವಿನ ಸುತ್ತಳತೆ ಬರೆದುಕೊಂಡು ಅಂಗಡಿಗೆ ಹೋಗಿ. ಸಾಮಾನ್ಯ ಪಟ್ಟಿ 22ರಿಂದ 32 ಸೆಂ.ಮೀ. ತೋಳಿಗೆ ಸರಿಹೋಗುತ್ತದೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ, ಸಣ್ಣ ತೋಳಿಗೆ ದೊಡ್ಡದು ಕಟ್ಟಿದರೆ ಕಡಿಮೆ. ಪರೀಕ್ಷೆಯಲ್ಲಿ ನಿಖರವೆಂದು ಗೊತ್ತಾದ ಮಾದರಿಗಳ ಹೆಸರು 'ಸ್ಟ್ರೈಡ್ ಬಿಪಿ' ಜಾಲತಾಣದಲ್ಲಿದೆ. ಓದಿದ ಮಕ್ಕಳಿಂದ ನೋಡಿಸಿ.

ಡೇರಿಯಲ್ಲಿ ಫ್ಯಾಟ್ ಎರಡು ಪಾಯಿಂಟ್ ಇಳಿದರೆ ಮಿಷನ್ ಸರಿಯಿದೆಯೇ ಎಂದು ಕಾರ್ಯದರ್ಶಿಯನ್ನು ಕೇಳುತ್ತೀರಿ. ಅದೇ ಪ್ರಶ್ನೆ ಇಲ್ಲೂ ಕೇಳಿ. ಕೊಂಡಾಗಲೂ, ಆಮೇಲೆ ವರ್ಷಕ್ಕೊಮ್ಮೆಯೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಯ್ದು ಅಲ್ಲಿನ ಅಳತೆಯೊಂದಿಗೆ ಹೋಲಿಸಿ. ಕೊಳ್ಳಲು ಸಾಲ ಮಾಡುವುದಂತೂ ಬೇಡ, ಅಲ್ಲಿ ಬಿಪಿ ಉಚಿತವಾಗಿಯೇ ನೋಡುತ್ತಾರೆ.

ಹಾಲು ಕರೆದು, ಕ್ಯಾನು ಹೊತ್ತು ಬಂದ ಕೂಡಲೇ ಅಳೆಯಬೇಡಿ. ಟೀ, ಬೀಡಿ, ಹೊಗೆಸೊಪ್ಪು ಆಗಿ ಅರ್ಧ ಗಂಟೆ ಕಳೆಯಲಿ. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ ಐದು ನಿಮಿಷ ಕುಳಿತುಕೊಳ್ಳಿ. ತೋಳು ಎದೆ ಮಟ್ಟದಲ್ಲಿರಲಿ, ಮಾತು ಬೇಡ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ. ಬೆಳಿಗ್ಗೆ ಮಾತ್ರೆಗೆ ಮೊದಲು ಮತ್ತು ಸಂಜೆ, ಹೀಗೆ ಏಳು ದಿನ ಬರೆದಿಡಿ. ಸರಾಸರಿ 135/85 ಅಥವಾ ಹೆಚ್ಚಿದ್ದರೆ ಆ ಚೀಟಿ ಹಿಡಿದು ವೈದ್ಯರ ಬಳಿ ಹೋಗಿ. 180/120 ದಾಟಿ ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು, ಕೈಕಾಲು ಸೋಲುವುದು ಕಂಡರೆ ಕಾಯಬೇಡಿ, 108ಕ್ಕೆ ಕರೆ ಮಾಡಿ.

ಅಂಕಿ ಚೆನ್ನಾಗಿ ಬಂತೆಂದು ನೀವೇ ಮಾತ್ರೆ ನಿಲ್ಲಿಸಬೇಡಿ. ಅದು ಚೆನ್ನಾಗಿ ಬರುತ್ತಿರುವುದು ಮಾತ್ರೆಯಿಂದಲೇ ಇರಬಹುದು.