ನುಂಗಲಾಗದವರಿಗೆ ಗ್ಯಾಸ್ ಮಾತ್ರೆಯೇ?



30 ವರ್ಷ ದಾಟಿದವರಿಗೆ ಸರ್ಕಾರ ನಡೆಸುವ ಅಸಾಂಕ್ರಾಮಿಕ ರೋಗಗಳ ತಪಾಸಣೆಯಲ್ಲಿ ಬಿಪಿ, ಸಕ್ಕರೆ ಕಾಯಿಲೆಯ ಜೊತೆಗೆ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್‌ಗಳನ್ನು ನೋಡುತ್ತಾರೆ. ಒಳ್ಳೆಯ ಕೆಲಸ. ಆದರೆ ಬೀಡಿ, ಹೊಗೆಸೊಪ್ಪು, ಮದ್ಯದಿಂದ ಬಾಯಿಯಂತೆಯೇ ಹಾಳಾಗುವ ಅನ್ನನಾಳಕ್ಕೆ ಅಲ್ಲಿ ಜಾಗವಿಲ್ಲ. ಎಲ್ಲರಿಗೂ ಎಂಡೋಸ್ಕೋಪಿ ಮಾಡಿ ಎಂದು ನಾನು ಕೇಳುತ್ತಿಲ್ಲ. ‘ಊಟ ಗಂಟಲಲ್ಲೋ ಎದೆಯಲ್ಲೋ ಸಿಕ್ಕಿಕೊಳ್ಳುತ್ತದೆಯೇ?’ ಎಂದು ವಿಚಾರಿಸಲು ಯಾವ ಯಂತ್ರವೂ ಬೇಡ.

ನಮ್ಮ ಮಂಡ್ಯ ಸೀಮೆಯಲ್ಲಿ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಅನ್ನನಾಳ ಕಿರಿದಾದರೆ ಮೊದಲು ಗೊತ್ತಾಗುವುದು ಮುದ್ದೆಯ ತುತ್ತಿನಲ್ಲೇ. ನಮ್ಮ ದೊಡ್ಡಪ್ಪ ಮೊದಲು ಮುದ್ದೆ ಬಿಟ್ಟರು, ಆಮೇಲೆ ಅನ್ನವನ್ನು ಸಾರಿನಲ್ಲಿ ಕಿವುಚಿಕೊಂಡು ಉಂಡರು, ಕೊನೆಗೆ ಗಂಜಿಗೆ ಇಳಿದರು. ‘ವಯಸ್ಸಾಯಿತು’ ಎಂದರು ಊರವರು. ಗಟ್ಟಿ ಆಹಾರದಿಂದ ಶುರುವಾಗಿ ನೀರಿನವರೆಗೂ ಕಷ್ಟ ಹೆಚ್ಚುತ್ತ ಹೋಗುವುದು, ಜೊತೆಗೆ ಮೈ ಇಳಿಯುವುದು, ಯಾವ ವೈದ್ಯರಿಗೂ ಗಡ್ಡೆಯ ಅನುಮಾನ ಹುಟ್ಟಿಸಬೇಕು. ಅವರಿಗೆ ಸಿಕ್ಕಿದ್ದು ತಿಂಗಳುಗಟ್ಟಲೆ ಗ್ಯಾಸ್ ಮಾತ್ರೆ. ಎದೆಯುರಿ ಒಂದಿಷ್ಟು ತಗ್ಗಿದ್ದರಿಂದ ಮನೆಯವರೂ ಗುಣವಾಗುತ್ತಿದೆ ಎಂದೇ ನಂಬಿದರು. ಬೆಂಗಳೂರಿಗೆ ಕರೆದೊಯ್ದು ಎಂಡೋಸ್ಕೋಪಿ, ಬಯಾಪ್ಸಿ ಮಾಡಿಸುವ ಹೊತ್ತಿಗೆ ಆಪರೇಷನ್ನಿನ ಹಂತ ದಾಟಿಹೋಗಿತ್ತು.

ನುಂಗುವ ಕಷ್ಟವೆಲ್ಲ ಕ್ಯಾನ್ಸರ್ ಅಲ್ಲ, ಇದನ್ನೂ ಹೇಳಲೇಬೇಕು. ಲಕ್ವ ಹೊಡೆದವರು ನೀರು ಗುಟುಕರಿಸಿದರೂ ಕೆಮ್ಮುವುದುಂಟು. ಅದು ನರದ ತೊಂದರೆ. ಅನ್ನ, ನೀರು ಎರಡೂ ಮೊದಲಿನಿಂದಲೇ ಎದೆಯಲ್ಲಿ ನಿಂತರೆ ಅನ್ನನಾಳದ ಕೆಳತುದಿ ಸಡಿಲಗೊಳ್ಳದ ಅಕಲೇಸಿಯಾ ಇರಬಹುದು. ಹುಳಿತೇಗು ವರ್ಷಗಟ್ಟಲೆ ಕಾಡಿ ನಾಳ ಗಾಯವಾಗಿ ಬಿಗಿದಿರಬಹುದು. ರಕ್ತಹೀನತೆಯಿರುವ ಹೆಂಗಸರಲ್ಲಿ ಗಂಟಲ ಕೆಳಗೆ ತೆಳುಪೊರೆ ಬೆಳೆದಿರಬಹುದು, ಅದಕ್ಕೆ ಕಬ್ಬಿಣಾಂಶದ ಮಾತ್ರೆಯೂ ಚಿಕಿತ್ಸೆಯ ಭಾಗ. ಯಾವುದು ಎಂದು ತಿಳಿಯಲು ಎಂಡೋಸ್ಕೋಪಿಯೋ ಬೇರಿಯಂ ಎಕ್ಸ್‌ರೇಯೋ ಆಗಲೇಬೇಕು.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ರೋಗ ಪತ್ತೆಯಾಗುವುದೇ ಕೊನೆಗಾದರೆ ಆ ಹಣ ಯಾರನ್ನು ಉಳಿಸುತ್ತದೆ? ಆಶಾ ಕಾರ್ಯಕರ್ತೆಯರು ಮನೆಭೇಟಿಯಲ್ಲಿ ಊಟ ಸಿಕ್ಕಿಕೊಳ್ಳುತ್ತದೆಯೇ ಎಂಬ ಪ್ರಶ್ನೆಯನ್ನು ತಪ್ಪದೆ ಕೇಳುವಂತೆ ಆರೋಗ್ಯ ಇಲಾಖೆ ಸೂಚಿಸಲಿ. ಹೌದು ಎಂದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಎಂಡೋಸ್ಕೋಪಿಗೆ ರೆಫರಲ್ ಚೀಟಿ ಬರೆದುಕೊಡಲಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನವಾದರೂ ಈ ಪರೀಕ್ಷೆ ನಡೆಯುವ ಏರ್ಪಾಡು ಮುಂದಿನ ಬಜೆಟ್ಟಿನಲ್ಲೇ ಆಗಬೇಕು.

– ಓದುಗ, ಮಂಡ್ಯ ಜಿಲ್ಲೆ