ಗಾಳಿಯ ಮೇಲೆ ನಿಂತ ಕಾರು

ರಾತ್ರಿ ಮನೆಯ ಮುಂದೆ ನಿಲ್ಲಿಸಿದಾಗ ಕಾರು ನೆಟ್ಟಗೆ ನಿಂತಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಹಿಂಭಾಗ ನೆಲಕ್ಕೆ ಕುಕ್ಕರಿಸಿ ಕುಳಿತಿದೆ. ಹಿಂದಿನ ಚಕ್ರಗಳು ಅರ್ಧ ಮರೆಯಾಗಿವೆ. ಟಯರುಗಳಲ್ಲಿ ಗಾಳಿ ಸರಿಯಾಗಿಯೇ ಇದೆ. ಚಾವಿ ತಿರುಗಿಸಿದೊಡನೆ ಒಳಗೆಲ್ಲೋ ಸಣ್ಣ ಮೋಟಾರೊಂದು ಗುಂಯ್‌ಗುಡುತ್ತದೆ. ಸ್ವಲ್ಪ ಹೊತ್ತಿನಲ್ಲಿ ಕಾರು, ಮಲಗಿದ್ದ ಒಂಟೆ ಏಳುವಂತೆ, ಮೆಲ್ಲನೆ ಮೇಲೇಳುತ್ತದೆ. ಸದ್ಯ ಸರಿಹೋಯಿತಲ್ಲ ಎಂದುಕೊಂಡು ಮಾಲೀಕ ಹೊರಟುಬಿಡುತ್ತಾನೆ. ಹೀಗೆ ಕೆಲವು ವಾರ ಕಳೆಯುತ್ತವೆ. ಕೊನೆಗೊಂದು ಬೆಳಿಗ್ಗೆ ಮೋಟಾರಿನ ಸದ್ದೂ ಇಲ್ಲ, ಕಾರು ಏಳುವುದೂ ಇಲ್ಲ.

ಗಾಳಿ ಸಸ್ಪೆನ್ಷನ್ ಇರುವ ದುಬಾರಿ ಕಾರುಗಳಿಗೆ ವಯಸ್ಸಾದಾಗ ಅಮೆರಿಕ, ಬ್ರಿಟನ್, ಜರ್ಮನಿಗಳಲ್ಲಿ ಸಾಮಾನ್ಯವಾಗಿ ಕಾಣುವ ದೃಶ್ಯ ಇದು. ಆಗ ಮಾಲೀಕನ ಮುಂದೆ ಎರಡು ದಾರಿಗಳಿರುತ್ತವೆ. ಒಂದು, ಗಾಳಿಯ ವ್ಯವಸ್ಥೆಯನ್ನೇ ದುರಸ್ತಿ ಮಾಡಿಸುವುದು. ಇನ್ನೊಂದು, ಅದನ್ನು ಕಿತ್ತುಹಾಕಿ ಸಾಮಾನ್ಯ ಕಾರುಗಳಲ್ಲಿರುವಂಥ ಉಕ್ಕಿನ ಸುರುಳಿ ಸ್ಪ್ರಿಂಗ್ ಕೂರಿಸುವುದು. ಯಾವುದು ಜಾಣತನ? ಇದು ಬರೀ ಹಣದ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಉತ್ತರದ ಬಹುಭಾಗ ಹೈಸ್ಕೂಲಿನ ಭೌತವಿಜ್ಞಾನದ ಪುಸ್ತಕದಲ್ಲೇ ಇದೆ.

ಎರಡು ನಿಯಮ, ಎರಡು ಸ್ಪ್ರಿಂಗ್

ರಸ್ತೆಯ ಉಬ್ಬುತಗ್ಗುಗಳನ್ನು ಚಕ್ರ ಅನುಭವಿಸಬೇಕು, ಒಳಗೆ ಕುಳಿತವರು ಅನುಭವಿಸಬಾರದು. ಇದಕ್ಕಾಗಿಯೇ ಚಕ್ರಕ್ಕೂ ಕಾರಿನ ಒಡಲಿಗೂ ನಡುವೆ ಸ್ಪ್ರಿಂಗ್ ಇರುತ್ತದೆ. ಸುರುಳಿ ಸ್ಪ್ರಿಂಗ್ ಪಾಲಿಸುವುದು ರಾಬರ್ಟ್ ಹುಕ್ 1678ರಲ್ಲಿ ವಿವರಿಸಿದ ನಿಯಮವನ್ನು: ಎಷ್ಟು ಬಲ ಹಾಕುತ್ತೇವೆಯೋ ಅದಕ್ಕೆ ಅನುಪಾತವಾಗಿ ಅದು ಕುಗ್ಗುತ್ತದೆ.

ಒಂದು ಲೆಕ್ಕ ಮಾಡೋಣ. ಕಾರಿನ ಒಂದು ಹಿಂದಿನ ಚಕ್ರದ ಸ್ಪ್ರಿಂಗ್ 500 ಕಿಲೋಗ್ರಾಂ ದ್ರವ್ಯರಾಶಿಯನ್ನು ಹೊತ್ತಿದೆ ಎನ್ನಿ. ಸ್ಪ್ರಿಂಗಿನ ಬಿಗಿತ ಮೀಟರಿಗೆ 20,000 ನ್ಯೂಟನ್. ಆಗ ಅದು ಸುಮಾರು 24.5 ಸೆಂಟಿಮೀಟರ್ ಕುಗ್ಗಿ ನಿಲ್ಲುತ್ತದೆ. ಕಾರನ್ನು ಒಮ್ಮೆ ಒತ್ತಿ ಬಿಟ್ಟರೆ ಅದು ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಸಲ ಏರಿಳಿಯುತ್ತದೆ. ಮನುಷ್ಯನ ದೇಹಕ್ಕೆ ಈ ನಿಧಾನದ ತೂಗಾಟ ಹಿತ. ಈಗ ಹಿಂದಿನ ಸೀಟಿನಲ್ಲಿ ಮೂವರು ಕುಳಿತು, ಡಿಕ್ಕಿಯಲ್ಲಿ ಪೆಟ್ಟಿಗೆಗಳನ್ನು ತುಂಬಿ, ಹಿಂದಿನ ಒಂದೊಂದು ಚಕ್ರಕ್ಕೂ 125 ಕಿಲೋಗ್ರಾಂ ಹೆಚ್ಚುವರಿ ಹೊರೆ ಬಿತ್ತು. ಸ್ಪ್ರಿಂಗ್ ಇನ್ನೂ ಆರು ಸೆಂಟಿಮೀಟರ್ ಕುಗ್ಗುತ್ತದೆ. ಕಾರಿನ ಹಿಂಭಾಗ ತಗ್ಗುತ್ತದೆ, ಮುಂದಿನ ದೀಪಗಳು ಆಕಾಶ ನೋಡುತ್ತವೆ, ತೂಗಾಟದ ಲಯವೂ ಬದಲಾಗುತ್ತದೆ. ಇದನ್ನು ತಪ್ಪಿಸಲು ಗಟ್ಟಿ ಸ್ಪ್ರಿಂಗ್ ಹಾಕಿದರೆ, ಒಬ್ಬನೇ ಪ್ರಯಾಣ ಮಾಡುವಾಗ ಕಾರು ಎತ್ತಿನಗಾಡಿಯಂತೆ ಕುಲುಕುತ್ತದೆ. ಸುರುಳಿ ಸ್ಪ್ರಿಂಗಿನ ಹುಟ್ಟುಗುಣವೇ ಇದು. ತಯಾರಿಸುವಾಗ ಕೊಟ್ಟ ಬಿಗಿತ ಕೊನೆಯವರೆಗೂ ಅಷ್ಟೇ.

ಗಾಳಿ ಸ್ಪ್ರಿಂಗ್ ಎಂದರೆ ದಪ್ಪ ರಬ್ಬರಿನ ಚೀಲ; ಅದರೊಳಗೆ ಒತ್ತಿ ತುಂಬಿದ ಗಾಳಿ. ಇಲ್ಲಿ ನಡೆಯುವುದು ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ನಿಯಮ: ಗಾತ್ರ ಕುಗ್ಗಿದಂತೆ ಒತ್ತಡ ಏರುತ್ತದೆ. ಅದೇ 500 ಕಿಲೋಗ್ರಾಂ ಹೊರಲು 100 ಚದರ ಸೆಂಟಿಮೀಟರ್ ವಿಸ್ತೀರ್ಣದ ಚೀಲದಲ್ಲಿ, ಹೊರಗಿನ ಗಾಳಿಗಿಂತ ಹೆಚ್ಚಾಗಿ ಸುಮಾರು ಐದು ವಾಯುಮಂಡಲದಷ್ಟು ಒತ್ತಡ ಬೇಕು. ಮೇಲಿನ 125 ಕಿಲೋಗ್ರಾಂ ಬಿದ್ದಾಗ ಕಾರು ಮೊದಲು ತಗ್ಗುತ್ತದೆ. ಎತ್ತರವನ್ನು ಅಳೆಯುವ ಸಾಧನ ಇದನ್ನು ಗುರುತಿಸುತ್ತದೆ, ಕಂಪ್ರೆಸರ್ ಇನ್ನಷ್ಟು ಗಾಳಿ ತುಂಬುತ್ತದೆ. ಒತ್ತಡ ಆರು ವಾಯುಮಂಡಲಕ್ಕೇರಿ ಕಾರು ಮೊದಲಿನ ಎತ್ತರಕ್ಕೇ ಬರುತ್ತದೆ. ಇನ್ನೂ ಸ್ವಾರಸ್ಯವೆಂದರೆ, ಒತ್ತಡ ಏರಿದಂತೆ ಗಾಳಿಯ ಬಿಗಿತವೂ ಏರುತ್ತದೆ. ಹೊರೆಯೂ ಬಿಗಿತವೂ ಜೊತೆಜೊತೆಯಾಗಿ ಹೆಚ್ಚುವುದರಿಂದ ತೂಗಾಟದ ಲಯ ಹೆಚ್ಚುಕಡಿಮೆ ಮೊದಲಿನಂತೆಯೇ ಉಳಿಯುತ್ತದೆ. ಕಾರಿನಲ್ಲಿ ಒಬ್ಬರಿದ್ದರೂ ಐವರಿದ್ದರೂ ಅದೇ ಸುಖ. ಉಕ್ಕಿನ ಸುರುಳಿಗೆ ಸಾಧ್ಯವಾಗದ ಕೆಲಸ ಇದು.

1957ರ ಪಾಠ

ಇಷ್ಟು ಚೆಂದದ ಉಪಾಯಕ್ಕೆ ಅಡ್ಡಿಯೇನು? ಅಮೆರಿಕದ ಕ್ಯಾಡಿಲಾಕ್ ಕಂಪನಿ 1957ರಲ್ಲಿ ಎಲ್ಡೊರಾಡೊ ಬ್ರೌಮ್ ಎಂಬ ಕಾರನ್ನು ಹೊರತಂದಿತು. ಬೆಲೆ 13,074 ಡಾಲರ್. ನಾಲ್ಕೂ ಚಕ್ರಗಳಿಗೆ ಗಾಳಿ ಸ್ಪ್ರಿಂಗ್ ಇದ್ದ ಈ ಕಾರು ಆ ಕಾಲದ ವೈಭವಕ್ಕೆ ಇನ್ನೊಂದು ಹೆಸರಾಗಿತ್ತು. ಮರುವರ್ಷ, ಅಂದರೆ 1958ರಲ್ಲಿ, ಷೆವ್ರೊಲೆ, ಪಾಂಟಿಯಾಕ್, ಬ್ಯೂಕ್, ಓಲ್ಡ್ಸ್‌ಮೊಬೈಲ್ ಕಾರುಗಳಲ್ಲೂ ಹೆಚ್ಚು ಹಣ ಕೊಟ್ಟವರಿಗೆ ಗಾಳಿ ಸಸ್ಪೆನ್ಷನ್ ಸಿಗತೊಡಗಿತು.

ಆದರೆ ಕೀಲುಗಳಲ್ಲಿ, ಕೊಳವೆಗಳಲ್ಲಿ, ಕವಾಟಗಳಲ್ಲಿ ಗಾಳಿ ಸೋರಿತು. ಕಾರುಗಳು ನಿಂತಲ್ಲೇ ಕುಸಿದವು. ಕೆಲವೇ ವರ್ಷಗಳಲ್ಲಿ ಈ ಸೌಲಭ್ಯ ಆ ಕಂಪನಿಗಳ ಪಟ್ಟಿಯಿಂದ ಮಾಯವಾಯಿತು. ಬ್ರೌಮ್ ಕಾರಿನ ಅನೇಕ ಮಾಲೀಕರು ಗಾಳಿ ಚೀಲಗಳನ್ನು ತೆಗೆಸಿ ಸುರುಳಿ ಸ್ಪ್ರಿಂಗ್ ಹಾಕಿಸಿಕೊಂಡರು. ಆಗ ಆ ಕೆಲಸಕ್ಕೆ ಅರ್ಥವಿತ್ತು. ತಂತ್ರಜ್ಞಾನ ಇನ್ನೂ ಪಕ್ವವಾಗಿರಲಿಲ್ಲ.

1984ರಲ್ಲಿ ಲಿಂಕನ್ ಕಾಂಟಿನೆಂಟಲ್ ಕಾರಿನಲ್ಲಿ ಎಲೆಕ್ಟ್ರಾನಿಕ್ ನಿಯಂತ್ರಣದೊಂದಿಗೆ ಗಾಳಿ ಮರಳಿ ಬಂತು. ಬ್ರಿಟನ್ನಿನ ರೇಂಜ್ ರೋವರ್ ಚರಿತ್ರೆ ಇನ್ನೂ ಕುತೂಹಲಕಾರಿ. 1970ರಲ್ಲಿ ಬಂದ ಮೊದಲ ರೇಂಜ್ ರೋವರ್ ಹೆಸರು ಮಾಡಿದ್ದಕ್ಕೆ ಅದರ ಉದ್ದನೆಯ ಸುರುಳಿ ಸ್ಪ್ರಿಂಗ್‌ಗಳೂ ಒಂದು ಕಾರಣ. 1994ರ ಎರಡನೆಯ ತಲೆಮಾರಿಗೆ ಗಾಳಿ ಸ್ಪ್ರಿಂಗ್ ಬಂತು. ಅವು ಹಳತಾದಾಗ ಅನೇಕರು ಮತ್ತೆ ಸುರುಳಿಗೇ ಮರಳಿದರು. 1998ರಲ್ಲಿ ಬಂದ ಮರ್ಸಿಡಿಸ್ ಎಸ್ ಕ್ಲಾಸ್ ಕಾರಿನಲ್ಲಿ ಗಾಳಿ ಸ್ಪ್ರಿಂಗೂ ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರೂ ಒಂದೇ ಘಟಕವಾಗಿ ಕೂಡಿಕೊಂಡವು. ಹೀಗಾಗಿ ಅಲ್ಲಿ ಸ್ಪ್ರಿಂಗ್ ಬದಲಿಸುವುದೆಂದರೆ ಎರಡನ್ನೂ ಬದಲಿಸಿದಂತೆ.

ಬಸ್ಸಿಗೆ ಒಗ್ಗಿದ್ದು ಕಾರಿಗೇಕೆ ಒಗ್ಗಲಿಲ್ಲ?

ಕಾರುಗಳಲ್ಲಿ ಸೋತ ಗಾಳಿ ಸ್ಪ್ರಿಂಗ್ ಬಸ್ಸುಗಳಲ್ಲಿ ಗೆದ್ದಿತು. ಅಮೆರಿಕದ ಗ್ರೇಹೌಂಡ್ ಕಂಪನಿಯ ಸೀನಿಕ್ರೂಸರ್ ಬಸ್ಸುಗಳಲ್ಲಿ 1954ರಲ್ಲೇ ಅದಿತ್ತು. ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ತಯಾರಾದ ವೋಲ್ವೊ ಬಸ್ಸುಗಳಲ್ಲಿ ಕುಳಿತವರಿಗೂ ಅದರ ಸುಖ ಗೊತ್ತು. ಕಾರಣಗಳು ಸರಳ. ಬಸ್ಸಿಗೆ ಐವತ್ತು ಜನ ಹತ್ತಿದರೆ ಸುಮಾರು ಮೂರು ಟನ್ ಹೊರೆ ಕೂಡುತ್ತದೆ, ಇಳಿದರೆ ಕಳೆಯುತ್ತದೆ. ಹೊರೆಗೆ ತಕ್ಕಂತೆ ಬದಲಾಗುವ ಸ್ಪ್ರಿಂಗ್ ಅಲ್ಲಿ ನಿಜವಾಗಿಯೂ ಬೇಕು. ಗಾಳಿ ಬ್ರೇಕಿಗಾಗಿ ದೊಡ್ಡ ಕಂಪ್ರೆಸರ್ ಹೇಗೂ ಇರುತ್ತದೆ. ಜೊತೆಗೆ ಡಿಪೋದಲ್ಲಿ ಕಾಲಕಾಲಕ್ಕೆ ತಪಾಸಣೆ ನಡೆಯುತ್ತದೆ. ಕಾರಿನ ಪಾಡು ಬೇರೆ. ಬಹಳ ದಿನ ಅದರಲ್ಲಿ ಹೋಗುವವರು ಒಬ್ಬಿಬ್ಬರು. ಕಂಪ್ರೆಸರ್ ಚಿಕ್ಕದು. ಕಾರು ಕುಸಿಯುವವರೆಗೆ ಅದರ ಕಡೆ ಯಾರೂ ನೋಡುವುದಿಲ್ಲ.

ಸತ್ತದ್ದು ಯಾವುದು, ಕೊಂದದ್ದು ಯಾವುದು?

ಮೊದಲ ದೃಶ್ಯಕ್ಕೆ ಮರಳೋಣ. ಮೋಟಾರು ನಿಂತಿತು, ಆದ್ದರಿಂದ ಕಂಪ್ರೆಸರ್ ಹಾಳಾಗಿದೆ, ಹೊಸದು ಹಾಕಿದರಾಯಿತು ಎಂದು ಮಾಲೀಕ ತೀರ್ಮಾನಿಸುತ್ತಾನೆ. ಅನೇಕ ಸಲ ಎಡವುವುದು ಇಲ್ಲೇ.

ರಬ್ಬರಿನ ಚೀಲ ಪ್ರತಿ ಕುಲುಕಿಗೂ ಒಂದೇ ಜಾಗದಲ್ಲಿ ಮಡಚಿ ಬಿಚ್ಚಿಕೊಳ್ಳುತ್ತದೆ. ವರ್ಷಗಳು ಕಳೆದಂತೆ, ಗಾಳಿಯಲ್ಲಿರುವ ಓಜೋನಿನ ಪ್ರಭಾವವೂ ಸೇರಿ, ಆ ಮಡಿಕೆಯಲ್ಲಿ ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ. ಗಾಳಿ ಸಣ್ಣಗೆ ಸೋರುತ್ತದೆ. ಕೊರತೆ ತುಂಬಲು ಕಂಪ್ರೆಸರ್ ಪದೇ ಪದೇ ಓಡಬೇಕಾಗುತ್ತದೆ. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಸೈಕಲ್ ಪಂಪಿನ ತುದಿ ಮುಟ್ಟಿದವರಿಗೆಲ್ಲ ಇದು ಗೊತ್ತು. ಆಗೊಮ್ಮೆ ಈಗೊಮ್ಮೆ ಓಡಲೆಂದು ರೂಪಿಸಿದ ಪುಟ್ಟ ಕಂಪ್ರೆಸರ್ ಬಿಡುವಿಲ್ಲದೆ ಓಡಿ, ಕಾದು, ಸವೆದು, ಕೊನೆಗೆ ಸುಟ್ಟುಹೋಗುತ್ತದೆ. ಗಾಳಿಯ ತೇವ ಹೀರುವ ಡ್ರೈಯರ್ ಕೂಡ ಸೋತು, ನೀರಿನ ಅಂಶ ಕವಾಟಗಳಿಗೆ ಸೇರುತ್ತದೆ. ಅಂದರೆ ಸತ್ತದ್ದು ಕಂಪ್ರೆಸರ್, ಕೊಂದದ್ದು ಚೀಲದ ಬಿರುಕು. ಬಿರುಕನ್ನು ಬಿಟ್ಟು ಹೊಸ ಕಂಪ್ರೆಸರ್ ಹಾಕಿದರೆ ಅದಕ್ಕೂ ಅದೇ ಗತಿ. ಎರಡನೆಯ ಸಲ ಹಣ ಸುರಿದ ಮಾಲೀಕ ಬೇಸತ್ತು, ಈ ಗಾಳಿಯ ಸಹವಾಸವೇ ಬೇಡ, ಸುರುಳಿ ಹಾಕಿ ಎನ್ನುತ್ತಾನೆ.

ನಿಜವಾದ ಪರೀಕ್ಷೆಗೆ ಬೇಕಾದದ್ದು ಬಹಳ ಅಗ್ಗ: ಸೋಪಿನ ನೀರು. ಪಂಕ್ಚರ್ ಅಂಗಡಿಯವನು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡುವಂತೆ, ಮೆಕ್ಯಾನಿಕ್ ಚೀಲ, ಕೊಳವೆ, ಕೀಲುಗಳಿಗೆಲ್ಲ ಸೋಪಿನ ನೀರು ಸವರಿ ಗುಳ್ಳೆ ಹುಡುಕುತ್ತಾನೆ. ಒಂದು ಮೂಲೆ ಮಾತ್ರ ಕುಸಿದಿದ್ದರೆ ಮೊದಲ ಅನುಮಾನ ಆ ಮೂಲೆಯ ಚೀಲದ ಮೇಲೆ. ಎಲ್ಲೂ ಸೋರಿಕೆ ಇಲ್ಲದೆಯೂ ಕಾರು ಏಳದಿದ್ದರೆ ಫ್ಯೂಸ್, ರಿಲೇ, ಎತ್ತರ ಅಳೆಯುವ ಸಾಧನಗಳನ್ನು ನೋಡಬೇಕು. ಅವು ಕಂಪ್ರೆಸರಿಗಿಂತ ಬಹಳ ಅಗ್ಗ.

ಬದಲಿಸಿದರೆ ಹೋಗುವುದೇನು?

ಸುರುಳಿ ಸ್ಪ್ರಿಂಗಿನ ಪರವಾಗಿ ಹೇಳಬೇಕಾದದ್ದು ಬಹಳವಿದೆ. ಅದು ಸೋರುವುದಿಲ್ಲ. ಅದಕ್ಕೆ ವಿದ್ಯುತ್ತು, ಕವಾಟ, ಗಣಕ ಯಾವುದೂ ಬೇಡ. ತುಕ್ಕು ತಿನ್ನದಿದ್ದರೆ ಕಾರಿನ ಆಯುಷ್ಯವೇ ಅದರ ಆಯುಷ್ಯ. ಆದರೆ ವಿನಿಮಯದಲ್ಲಿ ಕಳೆದುಕೊಳ್ಳುವುದೂ ಇದೆ. ಹೊರೆ ಬಿದ್ದಾಗ ಎತ್ತರ ಕಾಯುವ ಗುಣ ಹೋಯಿತು. ರೇಂಜ್ ರೋವರ್‌ನಂಥ ವಾಹನ ಹತ್ತುವವರಿಗಾಗಿ ತಗ್ಗುತ್ತಿದ್ದುದು, ಕಲ್ಲುದಾರಿಯಲ್ಲಿ ಎತ್ತರವಾಗುತ್ತಿದ್ದುದು ನಿಂತಿತು. ಗಾಳಿ ಹುಡುಕಿ ಸಿಗದ ನಿಯಂತ್ರಕ ಡ್ಯಾಷ್‌ಬೋರ್ಡಿನಲ್ಲಿ ಕೆಂಪು ದೀಪ ಉರಿಸುತ್ತದೆ. ಅದನ್ನು ಸಮಾಧಾನಪಡಿಸಲು ಬೇರೆ ಏರ್ಪಾಡು ಬೇಕು. ಶಾಕ್ ಅಬ್ಸಾರ್ಬರ್ ಕೂಡ ಹೊಸ ಸ್ಪ್ರಿಂಗಿಗೆ ಹೊಂದಬೇಕು. ಹೊಂದದಿದ್ದರೆ ತಿರುವಿನಲ್ಲಿ, ಬ್ರೇಕ್ ಹಾಕಿದಾಗ ಕಾರಿನ ನಡತೆಯೇ ಬದಲಾಗುತ್ತದೆ. ಅದು ಸುಖದ ಮಾತಲ್ಲ, ಪ್ರಾಣದ ಮಾತು.

ಈ ಕಾರಣದಿಂದಲೇ ಜರ್ಮನಿಯಲ್ಲಿ ಸ್ಪ್ರಿಂಗಿನಂಥ ಭಾಗಗಳನ್ನು ಬೇರೆ ಬಗೆಗೆ ಬದಲಿಸಿದರೆ ಅದಕ್ಕೆ ಅಧಿಕೃತ ಒಪ್ಪಿಗೆ ಬೇಕು. ಭಾರತದಲ್ಲೂ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಗಳಿಗೆ ಹೊಂದದ ಮಾರ್ಪಾಡುಗಳನ್ನು ನಿರ್ಬಂಧಿಸುತ್ತದೆ.

ಇದು ಮನೆಯಲ್ಲಿ ಮಾಡಿ ನೋಡುವ ಕೆಲಸವೂ ಅಲ್ಲ. ಗಾಳಿಯ ಮೇಲೆ ಮಾತ್ರ ನಿಂತ ಕಾರಿನ ಕೆಳಗೆ ಎಂದೂ ನುಸುಳಬಾರದು; ಗಾಳಿ ಹೋದರೆ ಕಾರು ಮೇಲೆ ಕುಸಿಯುತ್ತದೆ. ಸುರುಳಿಯೂ ಸಾಧುವಲ್ಲ. ಮೇಲಿನ ಲೆಕ್ಕದ ಸ್ಪ್ರಿಂಗ್ 24.5 ಸೆಂಟಿಮೀಟರ್ ಕುಗ್ಗಿ ನಿಂತಾಗ ಅದರಲ್ಲಿ ಸುಮಾರು 600 ಜೂಲ್ ಶಕ್ತಿ ಅಡಗಿರುತ್ತದೆ. ಅರವತ್ತು ಕಿಲೋ ತೂಕದ ಮನುಷ್ಯನನ್ನು ಒಂದು ಮೀಟರ್ ಮೇಲೆತ್ತುವಷ್ಟು ಶಕ್ತಿ ಅದು. ಅದು ಥಟ್ಟನೆ ಬಿಡುಗಡೆಯಾದರೆ ಎದುರಿಗಿದ್ದವರ ಗತಿಯೇನು?

ಹಾಗಾದರೆ ಯಾವುದು ಸರಿ?

ಆ ಕಾರಿನಿಂದ ಇನ್ನು ಮುಂದೆ ಏನು ಕೆಲಸವಾಗಬೇಕು ಎಂಬುದೇ ಮೊದಲ ಪ್ರಶ್ನೆ. ಭಾರ ಹೊರುವ, ಟ್ರೈಲರ್ ಎಳೆಯುವ, ದೂರ ಸಾಗುವ ಕಾರಾದರೆ, ಉಳಿದ ಭಾಗಗಳೆಲ್ಲ ಗಟ್ಟಿಯಾಗಿದ್ದರೆ, ಸೋರುವ ಚೀಲ ಬದಲಿಸಿ ಗಾಳಿಯನ್ನೇ ಉಳಿಸಿಕೊಳ್ಳುವುದು ಲೇಸು. ಒಂದು ಚೀಲ ವಯಸ್ಸಿನಿಂದ ಬಿರಿದಿದ್ದರೆ ಅದರ ಜೊತೆಯದೂ ಹೆಚ್ಚು ದಿನ ಬಾಳದು ಎಂದು ತಿಳಿದು, ಎರಡನ್ನೂ ಒಟ್ಟಿಗೇ ಬದಲಿಸುವುದು ವಿವೇಕ. ಚೀಲ, ಕವಾಟ, ಕಂಪ್ರೆಸರ್ ಎಲ್ಲವೂ ಒಟ್ಟಿಗೆ ಕೈಕೊಟ್ಟಿವೆ, ಕಾರಿನ ಬೆಲೆಗಿಂತ ದುರಸ್ತಿಯ ಖರ್ಚೇ ಹೆಚ್ಚು, ಓಡಾಟ ಊರೊಳಗೆ ಮಾತ್ರ ಎಂದಾದರೆ, ಕಾನೂನು ಒಪ್ಪುವ ಕಡೆ, ಆ ಮಾದರಿಗೆಂದೇ ರೂಪಿಸಿದ ಸುರುಳಿ ಸ್ಪ್ರಿಂಗ್ ಹಾಕಿಸುವುದು ಅವಮಾನವೇನಲ್ಲ. ಎರಡೂ ಉತ್ತರ ಸರಿಯಾಗಬಹುದು. ಆದರೆ ರೋಗ ಯಾವುದೆಂದು ತಿಳಿಯುವ ಮೊದಲು ಕೊಟ್ಟ ಉತ್ತರ ಯಾವುದೂ ಸರಿಯಲ್ಲ.

ಹಿರಿಯರು ನೆನಪಿಡಬೇಕಾದ ಇನ್ನೊಂದು ಮಾತಿದೆ. ಹತ್ತು ಹದಿನೈದು ವರ್ಷ ಹಳೆಯ ದುಬಾರಿ ಕಾರು ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವವರುಂಟು. ಇಳಿದಿರುವುದು ಕಾರಿನ ಬೆಲೆ. ಅದರ ಬಿಡಿಭಾಗಗಳ ಬೆಲೆ ಅದೇ ಪ್ರಮಾಣದಲ್ಲಿ ಇಳಿದಿರುವುದಿಲ್ಲ. ಆನೆ ಅಗ್ಗಕ್ಕೆ ಸಿಕ್ಕಿದರೂ ಅದರ ಮೇವು ಅಗ್ಗವಾಗುವುದಿಲ್ಲ. ಕೊಳ್ಳುವ ಮೊದಲು ಒಂದು ರಾತ್ರಿ ಅದನ್ನು ನಿಂತಲ್ಲೇ ನಿಲ್ಲಿಸಿ, ಬೆಳಿಗ್ಗೆ ಅದರ ಎತ್ತರ ಅಳೆದು ನೋಡಿದರೆ ಎಷ್ಟೋ ಸಂಗತಿ ತಿಳಿಯುತ್ತದೆ.

ಮಾಡಿ ನೋಡಿ: ಸೈಕಲ್ ಪಂಪಿನ ಹಿಡಿಯನ್ನು ಪೂರ್ತಿ ಮೇಲೆಳೆದು, ಗಾಳಿ ಹೊರಡುವ ತುದಿಯನ್ನು ಬೆರಳಿನಿಂದ ಭದ್ರವಾಗಿ ಮುಚ್ಚಿ, ಹಿಡಿಯನ್ನು ಮೆಲ್ಲನೆ ಒತ್ತಿ. ಮೊದಮೊದಲು ಸುಲಭ; ಒತ್ತಿದಷ್ಟೂ ಬಿಗಿ. ಕೈ ಸಡಿಲಿಸಿದರೆ ಹಿಡಿ ಮೇಲೆ ಪುಟಿಯುತ್ತದೆ. ಇದೇ ಗಾಳಿ ಸ್ಪ್ರಿಂಗ್. ಬಳಿಕ ಬೆರಳನ್ನು ಕೂದಲೆಳೆಯಷ್ಟು ಸಡಿಲಿಸಿ ಮತ್ತೆ ಒತ್ತಿ ಹಿಡಿಯಿರಿ. ಹಿಡಿ ನಿಧಾನವಾಗಿ ಕೆಳಗಿಳಿಯುತ್ತದೆ. ರಾತ್ರಿ ನೆಟ್ಟಗೆ ನಿಂತಿದ್ದ ಕಾರು ಬೆಳಗಾಗುವಷ್ಟರಲ್ಲಿ ಏಕೆ ಕುಕ್ಕರಿಸಿತೆಂದು ನಿಮ್ಮ ಬೆರಳೇ ಹೇಳುತ್ತದೆ.